ಎದೆಯೊತ್ತಿ ಜೀವವುಳಿಸುವ ವಿಧಾನ: ಯಾರಿಗೆ ಹೇಗೆ ಕಲಿಸಬೇಕು?

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ನೀರಾವರಿಯು ಹೆಚ್ಚಿದಂತೆಲ್ಲ ಬೆಳೆಯೂ ಹೆಚ್ಚಿದೆ; ಅದರೊಡನೆ ಜೀವಾಪಾಯದ ಹೊಸ ಸಂದರ್ಭಗಳೂ ಒದಗಿವೆ. ಸಿಂಧನೂರಿನ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯೂ, ಲಿಂಗಸುಗೂರು ಕಡೆಯ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯೂ ನೀರೊದಗಿಸುತ್ತವೆ. ಕಾಲುವೆಯ ನೀರು ಮುಟ್ಟದ ಎಡೆಗಳಲ್ಲಿ ಕೊಳವೆ ಬಾವಿಗಳೂ ವಿದ್ಯುತ್ ಮೋಟಾರುಗಳೂ ನೆಲೆಗೊಂಡಿವೆ. ಕಾಲುವೆಯಲ್ಲಿ ಎಮ್ಮೆಯ ಮೈತೊಳೆಯಲು ಇಳಿದ ಹುಡುಗನು ಸೆಳವಿಗೆ ಸಿಕ್ಕುವುದುಂಟು. ಒದ್ದೆಗಾಲಿನಲ್ಲಿ ನಿಂತು ಸ್ಟಾರ್ಟರು ಒತ್ತಿದವನಿಗೆ ವಿದ್ಯುತ್ತು ತಗಲುವುದುಂಟು. ಬಯಲಿನಲ್ಲಿ ದುಡಿಯುವವರ ಮೇಲೆ ಸಿಡಿಲೆರಗುವುದುಂಟು. ಕೀಟನಾಶಕ ಹೊಡೆಯುವವನು ವಿಷವೇರಿ ಕುಸಿಯುವುದುಂಟು. ಇವಾವುವೂ ಇಲ್ಲದೆ, ನಡುವಯಸ್ಸಿನ ಯಜಮಾನನು ಕಟ್ಟೆಯ ಮೇಲೆ ಕುಳಿತಿದ್ದಂತೆಯೇ ಹೃದಯ ನಿಂತು ಉರುಳುವುದೂ ಉಂಟು.

ಹೃದಯವು ನಿಂತ ಮೇಲೆ ನಾಲ್ಕೈದು ನಿಮಿಷಗಳಲ್ಲಿಯೇ ಮಿದುಳಿಗೆ ಕೇಡು ತಟ್ಟಲಾರಂಭಿಸುತ್ತದೆ. ಹೃದಯದ ಮಿಡಿತ ಕೆಟ್ಟು ಬಿದ್ದವನಿಗೆ ಯಾವ ನೆರವೂ ದೊರೆಯದೆ ಕಳೆಯುವ ಪ್ರತಿಯೊಂದು ನಿಮಿಷಕ್ಕೂ, ಬದುಕುವ ಸಂಭವವು ನೂರಕ್ಕೆ 7ರಿಂದ 10ರಷ್ಟು ಕುಗ್ಗುತ್ತದೆಂದು ವೈದ್ಯಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. 108 ಸಂಖ್ಯೆಯ ಆಂಬುಲೆನ್ಸ್ ಸೇವೆಯು 2008ನೆಯ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾಯಿತು. ಆದರೆ ವಾಹನವು ಎಷ್ಟೇ ವೇಗವಾಗಿ ಬಂದರೂ, ತಾಲ್ಲೂಕು ಕೇಂದ್ರಕ್ಕೆ ದೂರವಾದ ತಾಂಡಾಗಳನ್ನೂ ಕ್ಯಾಂಪುಗಳನ್ನೂ ಐದು ನಿಮಿಷಗಳಲ್ಲಿ ತಲಪುವುದು ಸಾಧ್ಯವಲ್ಲ. ಆದಕಾರಣ ಆ ಮೊದಲ ನಿಮಿಷಗಳಲ್ಲಿ ಪ್ರಾಣವು ಪಕ್ಕದಲ್ಲಿ ನಿಂತವನ ಕೈಯಲ್ಲಿರುತ್ತದೆ.

ಈ ನೆರವಿಗೆ ಸಿ.ಪಿ.ಆರ್. ಎಂದು ಹೆಸರು, ಎದೆಯನ್ನೊತ್ತಿ ರಕ್ತವನ್ನೂ, ಉಸಿರನ್ನೂದಿ ಗಾಳಿಯನ್ನೂ ದೇಹದಲ್ಲಿ ನಡೆಯಿಸುವ ವಿಧಾನವೇ ಇದು. ವಿಧಾನವು ಎಲ್ಲರಿಗೂ ಒಂದೇ. ಆದರೆ ಅದನ್ನು ಕಲಿಸುವ ಕ್ರಮವು ಎಲ್ಲರಿಗೂ ಒಂದೇ ಆಗಲಾರದು. ಶಾಲೆಯ ಬಾಲಕನಿಗೆ ಒಪ್ಪುವ ಪಾಠವು ಅಕ್ಷರವರಿಯದ ಕೂಲಿಯವನಿಗೆ ಒಪ್ಪದು. ನಾಟಿ ಹಚ್ಚುವ ಹೆಂಗಸರಿಗೆ ಸರಿಹೋಗುವ ಹೊತ್ತು ಮೋಟಾರು ನಡೆಯಿಸುವವರಿಗೆ ಸರಿಹೋಗದು. ಯಾವ ಗುಂಪಿಗೆ ಯಾವ ಕ್ರಮ ತಕ್ಕದ್ದೆಂಬುದನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ತಿಳಿದಿರುವುದು ಆವಶ್ಯಕವಾಗಿದೆ.

ವಿಧಾನದ ಸಾರಾಂಶ

ಇಂದು ರೂಢಿಯಲ್ಲಿರುವ ಎದೆಯೊತ್ತುವಿಕೆಯು 1960ರಲ್ಲಿ ಅಮೇರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಿಂದ ಪ್ರಕಟವಾಯಿತು. ಅದನ್ನು ಕಂಡುಹಿಡಿದ ಮೂವರಲ್ಲಿ ಹಿರಿಯರಾದ ವಿಲಿಯಂ ಕೌವೆನ್‌ಹೋವೆನ್ ಅವರು ವೈದ್ಯರಾಗಿರದೆ ವಿದ್ಯುತ್ ಎಂಜಿನಿಯರರಾಗಿದ್ದರು. ವಿದ್ಯುತ್ತಿನ ಆಘಾತವು ಹೃದಯವನ್ನು ಹೇಗೆ ನಿಲ್ಲಿಸುತ್ತದೆಂದು ಶೋಧಿಸುವಾಗ ಈ ಉಪಾಯವು ಹೊಳೆಯಿತು. ಪಂಪುಸೆಟ್ಟಿನೊಡನೆ ದಿನವೂ ವ್ಯವಹರಿಸುವ ರೈತನಿಗೆ ಇದು ಪರಕೀಯವಾದ ವಿದ್ಯೆಯಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಮೊದಲನೆಯದಾಗಿ, ನೆರವಿಗೆ ಹೋಗುವವನು ತನ್ನ ರಕ್ಷಣೆಯನ್ನು ನೋಡಿಕೊಳ್ಳತಕ್ಕದ್ದು. ವಿದ್ಯುತ್ತು ತಗಲಿದವನನ್ನು, ಸಂಪರ್ಕ ಕಡಿಯುವ ಮುನ್ನ ಮುಟ್ಟಕೂಡದು. ಬಿದ್ದವನ ಭುಜ ತಟ್ಟಿ ಕೂಗಬೇಕು. ಅವನು ಓಗೊಡದೆ, ಉಸಿರೂ ಆಡದೆ ಇದ್ದರೆ, ಅಥವಾ ಬಿಟ್ಟು ಬಿಟ್ಟು ಮೇಲುಸಿರು ಮಾತ್ರ ಎಳೆಯುತ್ತಿದ್ದರೆ, ಹೃದಯ ನಿಂತಿದೆಯೆಂದು ತಿಳಿದು 108ಕ್ಕೆ ಕರೆ ಮಾಡಿಸಬೇಕು. ಮಂಚದ ಮೇಲಲ್ಲ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನು ಹೂಡಿ, ಮೊಣಕೈ ಬಾಗದಂತೆ ಮೈಭಾರದಿಂದ ಒತ್ತಬೇಕು. ಪ್ರೌಢರಲ್ಲಿ ಎದೆಯು 5ರಿಂದ 6 ಸೆಂಟಿಮೀಟರು ತಗ್ಗಬೇಕು. ನಿಮಿಷಕ್ಕೆ 100ರಿಂದ 120 ಒತ್ತುಗಳು ಬೀಳಬೇಕು. ಪ್ರತಿ ಒತ್ತಿನ ನಂತರ ಎದೆಯು ಪೂರ್ಣವಾಗಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುವುದು ಲೇಸು. ದಣಿದ ಕೈಯ ಒತ್ತು ಆಳಕ್ಕಿಳಿಯದು. ವಾಹನ ಬರುವವರೆಗೂ, ಅಥವಾ ಬಿದ್ದವನು ಉಸಿರಾಡಿ ಮೈಯಲುಗಿಸುವವರೆಗೂ ನಿಲ್ಲಿಸಕೂಡದು.

ಉಸಿರೂದುವುದನ್ನೂ ಕಲಿತವರು 30 ಒತ್ತುಗಳಿಗೆ 2 ಉಸಿರುಗಳನ್ನು ಸೇರಿಸುತ್ತಾರೆ. ಉಸಿರೂದಲರಿಯದ ಸಾಮಾನ್ಯ ಜನರು ಎದೆಯನ್ನೊತ್ತುವುದನ್ನು ಮಾತ್ರ ಮಾಡಿದರೂ ಆಗಬಹುದೆಂದು ಭಾರತೀಯ ಪುನಶ್ಚೇತನ ಪರಿಷತ್ತು 2017ರಲ್ಲಿ ಪ್ರಕಟವಾದ ತನ್ನ ಸೂಚನೆಗಳಲ್ಲಿ ತಿಳಿಸಿತು. ಆದರೆ ನೀರಿನಲ್ಲಿ ಮುಳುಗಿದವರಿಗೂ ಎಳೆಯ ಮಕ್ಕಳಿಗೂ ಕೊರತೆಯಾಗಿರುವುದು ಗಾಳಿಯೇ ಆದ್ದರಿಂದ ಅವರ ವಿಷಯದಲ್ಲಿ ಉಸಿರೂದುವುದು ಬಹಳ ಮುಖ್ಯವು. ಕೀಟನಾಶಕ ಕುಡಿದವರ ಬಾಯಿಗೆ ಬಾಯಿಟ್ಟು ಊದಕೂಡದು. ವಿಷವು ಊದುವವನಿಗೂ ತಟ್ಟೀತು.

ಕಲಿಸುವ ನಾಲ್ಕು ಕ್ರಮಗಳು

ಒಂದನೆಯದು, ಸಭೆ ಸೇರಿಸಿ ಉಪನ್ಯಾಸ ಮಾಡಿ, ಚಿತ್ರ ತೋರಿಸುವ ಕ್ರಮ. ಇದರಿಂದ ಒಂದೇ ಹೊತ್ತಿನಲ್ಲಿ ಬಹುಜನರಿಗೆ ವಿಷಯ ಮುಟ್ಟುತ್ತದೆ. 2023ನೆಯ ಡಿಸೆಂಬರ್ 6ರಂದು ಕೇಂದ್ರ ಆರೋಗ್ಯ ಸಚಿವಾಲಯವು ದೇಶದಾದ್ಯಂತ ಒಂದೇ ದಿನ ಸಿ.ಪಿ.ಆರ್. ತಿಳಿವಳಿಕೆಯ ಕಾರ್ಯಕ್ರಮವನ್ನು ನಡೆಯಿಸಿದ್ದು ಈ ಬಗೆಯ ದೊಡ್ಡ ಪ್ರಯತ್ನವು. ಜನರ ಅಂಜಿಕೆಯನ್ನು ಬಿಡಿಸುವುದಕ್ಕೂ ತಪ್ಪು ನಂಬಿಕೆಗಳನ್ನು ಕಳೆಯುವುದಕ್ಕೂ ಸಭೆಯು ಬಹಳ ಉಪಯುಕ್ತ. ಮುಳುಗಿದವರ ದೇಹವನ್ನು ಉಪ್ಪಿನ ರಾಶಿಯಲ್ಲಿಟ್ಟರೆ ಜೀವ ಬರುವುದೆಂದು ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ 2022 ಮತ್ತು 2023ರಲ್ಲಿ ಹಾಗೆ ಮಾಡಿದ ಸಂಗತಿಗಳು ವರದಿಯಾದವು. ಉಪ್ಪು ಜೀವವನ್ನು ತರಲಾರದು. ಮುಳುಗಿದವನನ್ನು ತಲೆಕೆಳಗಾಗಿ ಹಿಡಿದು ನೀರು ಕಕ್ಕಿಸುವುದೂ, ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಬಿಡುವುದೂ ಹೊತ್ತನ್ನು ಕಳೆದು ಅಪಾಯವನ್ನು ಹೆಚ್ಚಿಸುತ್ತವೆ. ಇವನ್ನೆಲ್ಲ ಸಭೆಯಲ್ಲಿ ಬಿಡಿಸಿ ಹೇಳಬಹುದು. ಆದರೆ ಈ ಕ್ರಮದ ಕೊರತೆಯೂ ಸ್ಪಷ್ಟವಾಗಿದೆ: ಕಿವಿಯು ಕಲಿಯುತ್ತದೆ, ಕೈ ಕಲಿಯದು. ಬೀಜೋಪಚಾರವನ್ನು ಭಾಷಣದಲ್ಲಿ ಕೇಳಿದ ರೈತನು ತಲೆದೂಗಿ ಮನೆಗೆ ಹೋಗುತ್ತಾನೆ; ತಾನೇ ಬೀಜಕ್ಕೆ ಔಷಧವನ್ನು ಲೇಪಿಸಿ ನೋಡಿದವನು ಮರುವರ್ಷ ಯಾರೂ ಹೇಳದೆಯೇ ಮಾಡುತ್ತಾನೆ. ಎದೆಯೊತ್ತುವಿಕೆಯ ವಿಷಯವೂ ಹಾಗೆಯೇ.

ಎರಡನೆಯದು, ತಿಳಿದವರ ಎದುರಿನಲ್ಲಿ ಗೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯುವ ಕ್ರಮ. ಇಂತಹ ಗೊಂಬೆಯನ್ನು ಮೊದಲಿಗೆ 1960ರಲ್ಲಿ ನಾರ್ವೆ ದೇಶದ ಆಟಿಕೆ ತಯಾರಕರಾದ ಆಸ್ಮುಂಡ್ ಲೇರ್ಡಾಲ್ ಎಂಬವರು ಹೊರತಂದರು. ಒತ್ತು ಸರಿಯಾದ ಆಳಕ್ಕಿಳಿದಾಗ ಟಿಕ್ಕೆಂದು ಸದ್ದು ಮಾಡುವ ಗೊಂಬೆಗಳೂ ಇವೆ. ತಪ್ಪನ್ನು ಕಲಿಸುವವನು ಆಗಲೇ ತಿದ್ದುತ್ತಾನೆ; ಇದೇ ಈ ಕ್ರಮದ ಬಲ. ಆದರೆ ಒಂದು ಗೊಂಬೆಗೆ ಐವತ್ತು ಜನ ಸೇರಿದರೆ ಒಬ್ಬೊಬ್ಬರಿಗೆ ಅರ್ಧ ನಿಮಿಷವೂ ದೊರೆಯದೆ ಪಾಠವು ಜಾತ್ರೆಯಾಗುತ್ತದೆ. ಆರೆಂಟು ಜನಕ್ಕೆ ಒಂದು ಗೊಂಬೆಯಿದ್ದು, ಪ್ರತಿಯೊಬ್ಬನೂ ಎಡೆಬಿಡದೆ ಎರಡು ನಿಮಿಷ ಒತ್ತಿದರೆ ಮಾತ್ರ ಕಲಿತಂತೆ.

ಮೂರನೆಯದು, ಚಿತ್ರವನ್ನು ನೋಡುತ್ತಲೇ ತನ್ನ ಮುಂದಿನ ಅಗ್ಗದ ಗೊಂಬೆಯ ಮೇಲೆ ಮಾಡುವ ಕ್ರಮ. ಅಮೇರಿಕದಲ್ಲಿ 40ರಿಂದ 70 ವಯಸ್ಸಿನವರ ಮೇಲೆ ನಡೆಯಿಸಿ 2005ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಅರ್ಧ ಗಂಟೆ ಹೀಗೆ ಕಲಿತವರು ಹಲವು ಗಂಟೆಗಳ ಪೂರ್ಣ ತರಗತಿಯಲ್ಲಿ ಕಲಿತವರಿಗೆ ಕಡಿಮೆಯಾಗಲಿಲ್ಲ. ದೀರ್ಘವಾದ ಮಾತಿಗಿಂತ ಕೈಕೆಲಸಕ್ಕೆ ದೊರೆತ ಹೊತ್ತೇ ಮುಖ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ನಾಲ್ಕನೆಯದು, ಆಪತ್ತಿನ ವೇಳೆಯಲ್ಲಿಯೇ ಕರೆಯನ್ನು ಸ್ವೀಕರಿಸಿದವರು ದೂರವಾಣಿಯಲ್ಲಿ ಹೇಳಿಕೊಟ್ಟಂತೆ ಮಾಡುವ ಕ್ರಮ. ಹಲವು ದೇಶಗಳಲ್ಲಿ ಇದು ರೂಢಿಯಲ್ಲಿದೆ. ಏನನ್ನೂ ಕಲಿಯದವನಿಗೆ ಇದೊಂದು ಊರುಗೋಲು. ಆದರೆ ಇದನ್ನೇ ನಂಬಿ ಕಲಿಯದೆ ಇರುವುದು ಉಚಿತವಲ್ಲ.

ಯಾವ ಗುಂಪಿಗೆ ಯಾವ ಕ್ರಮ

(1) ಅಪಾಯದ ಸಮೀಪದಲ್ಲಿ ದುಡಿಯುವವರು. ಮೋಟಾರು ನಡೆಯಿಸುವವರು, ನೀರಗಂಟಿಗಳು, ವಿದ್ಯುತ್ ಕೆಲಸದವರು, ಕೀಟನಾಶಕ ಹೊಡೆಯುವವರು ಈ ಗುಂಪಿಗೆ ಸೇರುತ್ತಾರೆ. ಇವರಿಗೆ ಎರಡನೆಯ ಕ್ರಮದಿಂದ ಪೂರ್ಣ ಪಾಠವೇ ಆಗಬೇಕು, ಉಸಿರೂದುವುದೂ ಸೇರಿರಬೇಕು. ಪಾಠವು ಕೊಠಡಿಯಲ್ಲಿ ಅಲ್ಲದೆ ಪಂಪಿನ ಮನೆಯ ಮುಂದೆಯೋ ಕಾಲುವೆಯ ದಂಡೆಯ ಮೇಲೆಯೋ ನಡೆದರೆ, ಎಲ್ಲಿ ಸಂಪರ್ಕ ಕಡಿಯಬೇಕು, ಯಾವ ಕಡೆಯಿಂದ ಮೇಲೆತ್ತಬೇಕು ಎಂಬುದೂ ಮನಸ್ಸಿನಲ್ಲಿ ನಿಲ್ಲುವುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯ ನಿದರ್ಶನವು ಇಲ್ಲಿ ಪ್ರಯೋಜನಕರ. ಗಣಿಯಲ್ಲಿ ಪ್ರಥಮ ಚಿಕಿತ್ಸೆಯ ಸಾಮಗ್ರಿಯು ತರಬೇತಿ ಪಡೆದ ಹೊಣೆಗಾರನ ವಶದಲ್ಲಿಯೇ ಇರತಕ್ಕದ್ದೆಂದು 1952ರ ಗಣಿ ಕಾಯಿದೆಯು ವಿಧಿಸಿತು. ಅಪಾಯವಿರುವಲ್ಲಿ ಅರಿತವನೊಬ್ಬನು ಇರಲೇಬೇಕೆಂಬ ಈ ನಿಯಮವು ಗಣಿಗೆ ಹೇಗೋ, ಹತ್ತಾರು ಆಳುಗಳು ದುಡಿಯುವ ಗದ್ದೆಗೂ ಹಾಗೆಯೇ ಒಪ್ಪುತ್ತದೆ. ಗದ್ದೆಗೆ ಅಂತಹ ಕಟ್ಟಳೆಯಿಲ್ಲದಿರಬಹುದು. ಹಿಡುವಳಿದಾರನು ತಾನಾಗಿ ಅದನ್ನು ಪಾಲಿಸಲು ಅಡ್ಡಿಯಿಲ್ಲ.

(2) ಶಾಲೆಯ ಮಕ್ಕಳು. ಬ್ರಿಟನ್ನಿನ ಕಾರ್ಡಿಫ್ ನಗರದ ಶಾಲೆಗಳಲ್ಲಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದಂತೆ, 9-10 ವಯಸ್ಸಿನ ಮಕ್ಕಳಲ್ಲಿ ಒಬ್ಬರಿಗೂ ಎದೆಯನ್ನು ತಕ್ಕಷ್ಟು ಆಳಕ್ಕೆ ಒತ್ತಲಾಗಲಿಲ್ಲ. 13-14 ವಯಸ್ಸಿನವರಲ್ಲಿ ನೂರಕ್ಕೆ 45 ಮಂದಿಗೆ ಸಾಧ್ಯವಾಯಿತು. ಆದ್ದರಿಂದ ಕಿರಿಯ ತರಗತಿಗಳಲ್ಲಿ ಗುರುತಿಸುವುದು, ಕೂಗಿ ಜನ ಸೇರಿಸುವುದು, 108ಕ್ಕೆ ಕರೆ ಮಾಡಿ ಊರಿನ ಗುರುತು ಹೇಳುವುದು ಇಷ್ಟನ್ನೇ ಆಟದ ರೂಪದಲ್ಲಿ ಕಲಿಸಬೇಕು. ಎಂಟನೆಯ ತರಗತಿಯಿಂದ ಮೇಲಕ್ಕೆ ಗೊಂಬೆಯ ಮೇಲೆ ಒತ್ತುವುದನ್ನು ಕಲಿಸಬೇಕು. 12 ವರ್ಷದಿಂದ ಮೇಲ್ಪಟ್ಟ ಮಕ್ಕಳಿಗೆ ವರ್ಷಕ್ಕೆ 2 ಗಂಟೆಗಳ ಪಾಠವಿರಲೆಂಬ ಸಲಹೆಗೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಮ್ಮತಿ ನೀಡಿತು. ಡೆನ್ಮಾರ್ಕ್ ದೇಶವು 2005ರಲ್ಲಿ ಶಾಲೆಗಳಲ್ಲಿ ಈ ಪಾಠವನ್ನು ಕಡ್ಡಾಯಗೊಳಿಸಿ, ಪ್ರೌಢರಿಗೂ ತರಬೇತಿಯನ್ನು ಹಬ್ಬಿಸಿತು. ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ, ಪಕ್ಕದವರಿಂದ ನೆರವು ಪಡೆದವರು 2001ರಲ್ಲಿ ನೂರಕ್ಕೆ 21 ಇದ್ದದ್ದು 2010ರಲ್ಲಿ 45ಕ್ಕೆ ಏರಿತು. ಬದುಕುಳಿದವರ ಪ್ರಮಾಣವೂ ಅದೇ ಕಾಲದಲ್ಲಿ ಹೆಚ್ಚಿತು. ಶಾಲೆಯ ಪಾಠದ ಫಲವು ಒಂದೇ ಹಂಗಾಮಿನಲ್ಲಿ ಕೈಸೇರುವುದಿಲ್ಲ. ಅದು ಮಾವಿನ ಸಸಿ ನೆಟ್ಟಂತೆ.

(3) ಸ್ತ್ರೀಯರು. ಬಿದ್ದವಳು ಹೆಂಗಸಾದರೆ ಎದೆಯನ್ನು ಮುಟ್ಟಲು ಗಂಡಸರು ಹಿಂಜರಿಯುತ್ತಾರೆ; ಹಾಗೆ ಹಿಂಜರಿಯುವಷ್ಟರಲ್ಲಿ ಪ್ರಾಣ ಹೋಗುತ್ತದೆ. ಹೆಂಗಸರೇ ಕಲಿತಿದ್ದರೆ ಈ ತೊಡಕಿಲ್ಲ. ಮೇಲಾಗಿ ಹಗಲಿನಲ್ಲಿ ಮನೆಯ ವೃದ್ಧರ ಮತ್ತು ಮಕ್ಕಳ ಬಳಿ ಇರುವವರು ಅವರೇ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ, ಆಶಾ ಕಾರ್ಯಕರ್ತೆಯರ ನೆರವಿನಿಂದ, ಹೆಂಗಸರಿಗೆ ಹೆಂಗಸರೇ ಕಲಿಸುವ ಏರ್ಪಾಡು ಉತ್ತಮ. ಮೈತೂಕ ಕಡಿಮೆಯಿರುವವರು ತೋಳಿನ ಬಲದಿಂದ ಒತ್ತಹೋಗಿ ಬೇಗನೆ ದಣಿಯುತ್ತಾರೆ. ಮಂಡಿಯೂರಿ, ಭುಜವನ್ನು ಅಂಗೈಯ ನೇರಕ್ಕೆ ತಂದು, ಮೈಭಾರವನ್ನು ಬಿಡುವುದನ್ನು ಅವರಿಗೆ ವಿಶೇಷವಾಗಿ ತೋರಿಸಬೇಕು. ಮಕ್ಕಳಿಗೆ ಉಸಿರೂದುವುದನ್ನೂ ಇವರು ಕಲಿತಿರುವುದು ಮೇಲು.

(4) ವಯಸ್ಸಾದ ಯಜಮಾನರು. ಕಿರಿಯರ ಎದುರಿನಲ್ಲಿ ಗೊಂಬೆಯ ಮುಂದೆ ಮಂಡಿಯೂರಲು ಹಿರಿಯರು ಸಂಕೋಚಪಡುವುದು ಸಹಜ. ಇವರಿಗೆ ಮೂರನೆಯ ಕ್ರಮವೇ ಅನುಕೂಲ. ಮನೆಯಲ್ಲಿಯೇ ಅರ್ಧ ಗಂಟೆ ಸಾಕು. ಮಂಡಿ ನೋವಿನಿಂದ ಒತ್ತಲಾರದವರು ಜನರನ್ನು ಸಾಲಾಗಿ ನಿಲ್ಲಿಸಿ ಎರಡು ನಿಮಿಷಕ್ಕೊಮ್ಮೆ ಬದಲಿಸುವ ಕೆಲಸವನ್ನು ಕಲಿತರೂ ಬಹಳ ಉಪಕಾರ. ಗದ್ದಲದ ನಡುವೆ ಊರಿನವರು ಕೇಳುವುದು ಅವರ ಮಾತನ್ನೇ.

(5) ಅಕ್ಷರವರಿಯದ ಕೂಲಿ ಆಳುಗಳು. ಇವರಿಗೆ ಹಂಚಿದ ಕಾಗದದಿಂದ ಪ್ರಯೋಜನವಿಲ್ಲ. ಕೈ ಮತ್ತು ಎಣಿಕೆ ಎರಡರಿಂದಲೇ ಕಲಿಸಬೇಕು. ಕೂಲಿಯನ್ನು ಕಳೆದುಕೊಂಡು ಪಾಠಕ್ಕೆ ಬರುವಷ್ಟು ಅನುಕೂಲ ಅವರಿಗಿಲ್ಲ. ಆದುದರಿಂದ ಹಿಡುವಳಿದಾರನು ಬುತ್ತಿಯ ಹೊತ್ತಿನಲ್ಲಿ ಇಲ್ಲವೆ ಕೂಲಿಯ ಹೊತ್ತಿನಲ್ಲಿಯೇ ಒಂದು ಗಂಟೆಯನ್ನು ಬಿಡಿಸಿಕೊಡುವುದು ನ್ಯಾಯವು.

ಭಾಷೆ ಮತ್ತು ಎಣಿಕೆ

ಈ ಸೀಮೆಯಲ್ಲಿ ಕನ್ನಡವೊಂದೇ ಸಾಲದು. ಸಿಂಧನೂರಿನ ಸುತ್ತ ತೆಲುಗು ಮಾತನಾಡುವವರ ಕ್ಯಾಂಪುಗಳೂ, ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಆರ್.ಎಚ್. ಕ್ಯಾಂಪುಗಳೂ ಇವೆ; ಲಿಂಗಸುಗೂರು, ಮಸ್ಕಿ ಕಡೆಗಳಲ್ಲಿ ಲಂಬಾಣಿ ತಾಂಡಾಗಳಿವೆ; ಉರ್ದು ಮನೆಮಾತಿನವರು ಎಲ್ಲೆಡೆಯೂ ಇದ್ದಾರೆ. ಕಲಿಸುವವನಿಗೆ ಈ ಭಾಷೆಗಳೆಲ್ಲ ಬಾರದಿದ್ದರೆ, ಪ್ರತಿ ಕ್ಯಾಂಪಿನಿಂದಲೂ ತಾಂಡಾದಿಂದಲೂ ಇಬ್ಬರನ್ನು ಮೊದಲು ಚೆನ್ನಾಗಿ ಕಲಿಸಿ, ಅವರ ಮೂಲಕ ಉಳಿದವರಿಗೆ ಮನೆಮಾತಿನಲ್ಲಿಯೇ ಹೇಳಿಸಬೇಕು.

ಎಣಿಕೆಯ ವಿಷಯದಲ್ಲಿ ಸಣ್ಣದೊಂದು ಸೂಕ್ಷ್ಮವಿದೆ. ಒತ್ತುಗಳು ಸೆಕೆಂಡಿಗೆ ಹೆಚ್ಚುಕಡಿಮೆ ಎರಡರಂತೆ ಬೀಳಬೇಕು. ಕನ್ನಡದಲ್ಲಿ ಹತ್ತರವರೆಗಿನ ಅಂಕಿಗಳು ಚಿಕ್ಕವು. ಇಪ್ಪತ್ತೇಳು, ಇಪ್ಪತ್ತೊಂಬತ್ತು ಮುಂತಾದವು ಉದ್ದವು. ಮೂವತ್ತರವರೆಗೆ ಗಟ್ಟಿಯಾಗಿ ಎಣಿಸುತ್ತ ಒತ್ತುವವನ ಕೈ, ನಾಲಗೆಯೊಡನೆ ತಾನೂ ನಿಧಾನವಾಗುವುದು. ಆದುದರಿಂದ ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸುವುದನ್ನು ಕಲಿಸುವುದು ಲೇಸು. ಮೂವತ್ತು ಒತ್ತುಗಳು 15ರಿಂದ 18 ಸೆಕೆಂಡುಗಳಲ್ಲಿ ಮುಗಿದರೆ ವೇಗವು ಸರಿಯಿದೆಯೆಂದು ತಿಳಿಯಬಹುದು.

ಗೊಂಬೆಯಿಲ್ಲದ ಊರಿನಲ್ಲಿ

ಗೊಂಬೆ ದೊರೆಯುವವರೆಗೆ ಸುಮ್ಮನೆ ಕೂಡಬೇಕಾಗಿಲ್ಲ. ಬಟ್ಟೆಯನ್ನು ಬಿಗಿಯಾಗಿ ತುಂಬಿದ ಗೋಣಿಚೀಲದ ಮೇಲೆ ಕೈಯಿಡುವ ಬಗೆ, ಮಂಡಿಯೂರುವ ಭಂಗಿ, ಎಣಿಕೆಯ ವೇಗ ಇವನ್ನು ಅಭ್ಯಾಸ ಮಾಡಬಹುದು. ಒತ್ತಿನ ಆಳವನ್ನು ಮಾತ್ರ ಚೀಲವು ಕಲಿಸಲಾರದು. ಅದಕ್ಕೆ ಗೊಂಬೆಯೇ ಬೇಕು. ಹತ್ತಿರದ ನಾಲ್ಕಾರು ಗ್ರಾಮ ಪಂಚಾಯತಿಗಳು ಕೂಡಿ ಎರಡು ಗೊಂಬೆಗಳನ್ನು ಕೊಂಡು ಸರದಿಯಂತೆ ಬಳಸಿದರೆ ವೆಚ್ಚವು ಹಗುರಾಗುವುದು. ಹೃದಯವು ಸರಿಯಾಗಿ ಮಿಡಿಯುತ್ತಿರುವ ಮನುಷ್ಯನ ಎದೆಯ ಮೇಲೆ ಅಭ್ಯಾಸವನ್ನು ಎಂದಿಗೂ ಮಾಡಕೂಡದು.

ಮರುಪಾಠ

ಮಸ್ಕಿಯ ಬಂಡೆಯ ಮೇಲೆ ಅಶೋಕನು ಕೆತ್ತಿಸಿದ ಮಾತು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಉಳಿದು, 1915ರಲ್ಲಿ ಬೆಳಕಿಗೆ ಬಂತು. ಕೈಯಿಂದ ಕಲಿತ ವಿದ್ಯೆಗೆ ಅಷ್ಟು ಬಾಳಿಕೆಯಿಲ್ಲ. ಎದೆಯೊತ್ತುವಿಕೆಯ ಹದವು ಮೂರರಿಂದ ಆರು ತಿಂಗಳುಗಳಲ್ಲಿಯೇ ಕೈತಪ್ಪತೊಡಗುತ್ತದೆಂದು ಪರೀಕ್ಷೆಗಳಿಂದ ಗೊತ್ತಾಗಿದೆ. ವರ್ಷಕ್ಕೊಮ್ಮೆ ಇಡೀ ದಿನ ಕಲಿಸುವುದಕ್ಕಿಂತ, ವರ್ಷದಲ್ಲಿ ಎರಡು ಮೂರು ಸಲ ಹತ್ತು ನಿಮಿಷ ಕೈಯಾಡಿಸುವುದು ಹೆಚ್ಚು ಫಲಕಾರಿ. ಮುಂಗಾರಿನ ಸಿಡಿಲು ಮಳೆಗೆ ಮುನ್ನ ಒಂದು ಸಲ, ಕಾಲುವೆಗೆ ನೀರು ಬಿಡುವ ಮುನ್ನ ಒಂದು ಸಲ, ಕೊಯ್ಲಿನ ತರುವಾಯ ಒಂದು ಸಲ ಎಂದು ಕೃಷಿಯ ಕೆಲಸಗಳಿಗೆ ಹೊಂದಿಸಿಕೊಂಡರೆ ಮರೆಯುವ ಸಂಭವವಿಲ್ಲ.

ಗ್ರಾಮದ ಮುಖಂಡರು ಮಾಡತಕ್ಕ ಏರ್ಪಾಡು

ಕಲಿತವರ ಹೆಸರುಗಳನ್ನು ಪಂಚಾಯತಿಯ ಹಲಗೆಯ ಮೇಲೆ, ಓಣಿವಾರಾಗಿ ಬರೆಯಿಸಬೇಕು. ಆಪತ್ತಿನಲ್ಲಿ ಯಾರು ಒತ್ತುವರು, ಯಾರು 108ಕ್ಕೆ ಕರೆ ಮಾಡುವರು, ಯಾರು ಹೆದ್ದಾರಿಗೆ ಓಡಿ ವಾಹನಕ್ಕೆ ದಾರಿ ತೋರುವರು ಎಂಬುದನ್ನು ಮೊದಲೇ ಗೊತ್ತುಪಡಿಸಬೇಕು. ಬಿದ್ದವನ ಜಾತಿಮತಗಳನ್ನು ಎಣಿಸಿ ಮುಟ್ಟಲು ಹಿಂದೆಗೆಯುವುದು ಜೀವಹತ್ಯಕ್ಕೆ ಸಮಾನವೆಂದು ಮುಖಂಡರು ಸಭೆಯಲ್ಲಿ ಸ್ಪಷ್ಟವಾಗಿ ಹೇಳಬೇಕು. ಈ ಮಾತು ಹೊರಗಿನಿಂದ ಬಂದ ಶಿಕ್ಷಕನಿಗಿಂತ ಊರಿನ ಹಿರಿಯರ ಬಾಯಿಂದ ಬಂದರೆ ನಾಟುವುದು.

ಪೋಲೀಸು, ಕೋರ್ಟು ಎಂಬ ಅಂಜಿಕೆಯಿಂದ ಜನರು ದೂರ ಸರಿಯುವುದುಂಟು. ಆಪತ್ಕಾಲದಲ್ಲಿ ನೆರವಾದವರ ರಕ್ಷಣೆಗೆಂದು ಕರ್ನಾಟಕವು 2016ರ ಅಧಿನಿಯಮವನ್ನು ಮಾಡಿತು. ರಸ್ತೆಯ ಅಪಘಾತಗಳಲ್ಲಿ ಸದ್ಭಾವನೆಯಿಂದ ನೆರವಾದವರನ್ನು ಹೊಣೆ ಮಾಡಲಾಗದೆಂಬ 134ಎ ಪ್ರಕರಣವು 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿತು. ಪಕ್ಕೆಲುಬು ಮುರಿದೀತೆಂಬ ಭಯವೂ ಬೇಡ. ಒಮ್ಮೊಮ್ಮೆ ಮುರಿಯುವುದುಂಟು, ಮುರಿದ ಎಲುಬು ಕೂಡುತ್ತದೆ, ಹೋದ ಪ್ರಾಣ ಬಾರದು.

ಎದೆಯನ್ನೊತ್ತಿದ ಮಾತ್ರಕ್ಕೆ ಎಲ್ಲರೂ ಬದುಕುವರೆಂದು ಜನರಿಗೆ ಆಸೆ ಹುಟ್ಟಿಸಕೂಡದು. ಬಿತ್ತಿದ ಬೀಜವೆಲ್ಲ ಮೊಳೆಯದು. ಹಾಗೆಂದು ಬಿತ್ತನೆಯನ್ನು ಬಿಡುವ ರೈತನಿಲ್ಲ. ಹತ್ತು ಮನೆಗೆ ಒಬ್ಬರಂತಾದರೂ ಕೈಯಾರೆ ಮಾಡಬಲ್ಲವರು ಇರುವಂತೆ ನೋಡಿಕೊಳ್ಳುವುದು, ಅವರಲ್ಲಿ ಹೆಂಗಸರೂ ಕೂಲಿಯವರೂ ಸೇರಿರುವಂತೆ ಎಚ್ಚರವಹಿಸುವುದು, ಪ್ರತಿಯೊಂದು ಗ್ರಾಮದ ಮುಖಂಡರ ಕರ್ತವ್ಯವಾಗಿದೆ. ಬರುವ ಹಂಗಾಮಿನ ಬೀಜ ಗೊಬ್ಬರಗಳ ಸಿದ್ಧತೆಗೆ ಸಭೆ ಕರೆಯುವಾಗ, ಅದೇ ದಿನ ತಾಲ್ಲೂಕು ಆಸ್ಪತ್ರೆಯ ಇಲ್ಲವೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿಕೊಂಡು, ಮೊದಲ ಗುಂಪಿನ ಪಾಠದ ದಿನವನ್ನು ಗೊತ್ತುಮಾಡತಕ್ಕದ್ದು.